ಬೇಡಿಗೆ ಹಚ್ಚಿದ ಕುಂಕುಮ

ಗೋಕುಲ ರಸ್ತೆಯ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ನಾನು ಕೊಟ್ಟ ಹಳೆಯ ಪಟದ ಹಿಂದಿನ ಹಲಗೆ ಬಿಚ್ಚಿದಾಗ ಎದ್ದ ವಾಸನೆಗೆ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಒಣಗಿದ ಕುಂಕುಮ, ದೀಪದ ಎಣ್ಣೆಯ ಕಮಟು, ಹತ್ತಿಯ ಧೂಳು. ಬೈರಿದೇವರಕೊಪ್ಪದ ನಮ್ಮ ಮನೆಯ ಪಡಸಾಲೆ ಇಡಿಯಾಗಿ ಆ ಮರದ ಚೌಕಟ್ಟಿನೊಳಗೆ ಅಡಗಿ ಕುಳಿತಿತ್ತು. ಹುಟ್ಟಿದ ಮನೆ ನೆಲಸಮವಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿದ್ದವರಲ್ಲಿ ಈಗ ಉಳಿದವಳು ನಾನೊಬ್ಬಳೇ.

ಹತ್ತಿ ವ್ಯಾಪಾರದ ಅಜ್ಜ ಸ್ವಾತಂತ್ರ್ಯಕ್ಕೆ ಮೊದಲೇ ತಂದು ತೂಗುಹಾಕಿದ್ದ ಪಟವಂತೆ ಅದು. ಕಾಲಿಗೆ ಬೇಡಿ ಬಿದ್ದ ಹೆಣ್ಣು, ಪಕ್ಕದಲ್ಲಿ ಮಲಗಿದ ಸಿಂಹ, ಹಿಂದೆ ಗುಡ್ಡದ ಮೇಲೆ ಏಳುತ್ತಿರುವ ಸೂರ್ಯ. ಹೆಣ್ಣೆಂದರೆ ನಾಡು, ನಿದ್ದೆ ಹೋದ ಸಿಂಹ ನಾವು ಮಂದಿ, ಸೂರ್ಯನೆಂದರೆ ಸ್ವರಾಜ್ಯ ಎಂದು ನನಗೆ ಹೇಳಿಕೊಟ್ಟವಳು ಅಪ್ಪನ ಅಕ್ಕ, ನನ್ನ ಅತ್ತೆ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಆಮೇಲೆ ಹೊಸ್ತಿಲು ದಾಟಿದ್ದೇ ಅಪರೂಪ. ಮನೆಯವರೆಲ್ಲ ಫೋಟೋಕ್ಕೆ ನಿಲ್ಲುವ ದಿನ ಅವಳಿಗೆ ಮಾತ್ರ ಅಡುಗೆಮನೆಯಲ್ಲಿ ಕೆಲಸವಿರುತ್ತಿತ್ತು. ಪಟದ ಹೆಣ್ಣಿನ ಅಗಲ ಕಣ್ಣು, ಬಿಗಿದ ತುಟಿ ಥೇಟ್ ಅತ್ತೆಯವೇ ಎಂದು ನನಗೆ ಆಗಲೇ ಅನ್ನಿಸುತ್ತಿತ್ತು.

ಶುಕ್ರವಾರ ದೇವರ ಪಟಗಳ ಜೊತೆ ಇದಕ್ಕೂ ಒಂದು ಬೊಟ್ಟು. ಅತ್ತೆ ಕುಂಕುಮ ಮುಟ್ಟುವಂತಿರಲಿಲ್ಲ. ನನ್ನನ್ನು ಎತ್ತಿ ಹಿಡಿಯುತ್ತಿದ್ದಳು, ಹಚ್ಚುವವಳು ನಾನು. ಒಂದು ದಿನ ಕೇಳಿದೆ: “ಸ್ವರಾಜ್ಯ ಬಂದೈತಲ್ಲ ಅತ್ತಿ, ಈಕಿ ಬೇಡಿ ಯಾಕ ಇನ್ನೂ ಬಿಚ್ಚಿಲ್ಲ?”

“ಚಿತ್ರದಾಗಿನ ಬೇಡಿ ಯಾರ ಬಿಚ್ಚತಾರವಾ,” ಎಂದು ಅತ್ತೆ ನಕ್ಕಳು. ಆ ನಗು ನನಗೆ ಸೇರಲಿಲ್ಲ. ಹಣೆಯ ಕಡೆ ಹೊರಟಿದ್ದ ಬೆರಳನ್ನು ಇಳಿಸಿ ಬೇಡಿಯ ಮೇಲೇ ಒತ್ತಿದೆ. ಅತ್ತೆ ನನ್ನನ್ನು ತುಸು ಕೆಳಗಿಳಿಸಿ ಹಿಡಿದಳು.

“ಹೂಂ, ಅಲ್ಲೇ ಹಚ್ಚು. ಕಾಣದಂಗ ಹಚ್ಚು.”

ಮದುವೆಯಾಗಿ ಹೋಗುವವರೆಗೂ ನಾನು ಬೇರೆಲ್ಲೂ ಹಚ್ಚಲಿಲ್ಲ. ಗಾಜು ಒರೆಸುವಾಗ ಅತ್ತೆಯೂ ಆ ಜಾಗ ಬಿಟ್ಟೇ ಒರೆಸುತ್ತಿದ್ದಳು. ಕುಂಕುಮ ಗಟ್ಟಿಯಾಗಿ ಬೇಡಿ ಮುಚ್ಚಿಹೋಯಿತು.

ಅವಳ ಒಂದು ಫೋಟೋವೂ ಇಲ್ಲದ ನನಗೆ ಈಗ ಆ ಮುಖ ಬೇಕಾಗಿತ್ತು. ಮಸಿಗಟ್ಟಿದ ಗಾಜು ತೆಗೆದರೆ ಕಂಡಾಳೆಂದು ಆಸೆಪಟ್ಟು ಬಂದಿದ್ದೆ. ಅಂಗಡಿಯವನು ಗಾಜು ಎತ್ತಿದ.

“ಭಾಳ ವರ್ಷ ಬಿಸಲ ಬಿದ್ದೈತ್ರಿ ಅಕ್ಕಾರ, ಬಣ್ಣ ಎಲ್ಲಾ ಹೋಗೇತಿ. ಗಾಜಿನ ಮ್ಯಾಲಿನ ಕುಂಕುಮದ ಮರ್ಯಾಗ ಇದ್ದದ್ದಷ್ಟ ಉಳದೈತಿ ನೋಡ್ರಿ.”

ಸೂರ್ಯನಿಲ್ಲ, ಸಿಂಹದ ಬರೀ ಗೆರೆ. ಮುಖವಿದ್ದಲ್ಲಿ ಬಿಳಿ ಕಾಗದ. ಬೇಡಿಯೊಂದೇ ಕೊಂಡಿ ಕೊಂಡಿಯೂ ಕಪ್ಪಗೆ, ನಿನ್ನೆ ಅಚ್ಚು ಹಾಕಿದಂತೆ ಹೊಳೆಯುತ್ತಿತ್ತು. ಎಷ್ಟು ಹೊತ್ತು ನೋಡಿದೆನೋ, ಅಳು ತಡೆಯಲಾಗಲಿಲ್ಲ.

“ಹೊಸಾ ಗಾಜ ಹಾಕಲೇನ್ರಿ?”

“ಬ್ಯಾಡ್ರಿ. ಹಳೇದನ್ನ ಹಾಕ್ರಿ,” ಎಂದೆ. “ಕುಂಕುಮ ಒರಸಬ್ಯಾಡ್ರಿ.”