ಕಾರಿಗೊಂದು ಉದ್ದನೆಯ ಮೂಗು

ಎಳನೀರಿಗೆ ಸ್ಟ್ರಾ ಹಾಕಿ ಕುಡಿಯುವುದನ್ನು ನಾನು ಬಿಟ್ಟಿದ್ದೇನೆ. ಮದ್ದೂರಿನಲ್ಲಿ ಓಡಾಡುವವನಿಗೆ ಇದು ಸಣ್ಣ ತ್ಯಾಗವಲ್ಲ. ಕೊನೆಯ ಗುಟುಕಿನಲ್ಲಿ ಗಂಜಿಯ ಚೂರೊಂದು ಸ್ಟ್ರಾದ ಬಾಯಿಗೆ ಅಂಟಿ, ಎಷ್ಟು ಎಳೆದರೂ ಏನೂ ಬಾರದೆ ಹೋಗುತ್ತದಲ್ಲ, ಆಗ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತಿ ಬ್ರೇಕು ಹುಡುಕುತ್ತದೆ. ಎಳನೀರಿನವನು ಒಂದೆರಡು ಸಲ ಇಲಿ ಓಡಿತೇನೋ ಎಂದು ಬಗ್ಗಿ ನೋಡಿದ್ದೂ ಉಂಟು.

ಇದಕ್ಕೆ ಕಾರಣ ಅಕ್ಕನ ಗಂಡ ಪುಟ್ಟಸ್ವಾಮಿ ಭಾವ. ಮಳವಳ್ಳಿಯ ಹತ್ತಿರ ಆಲೆಮನೆ ಇಟ್ಟುಕೊಂಡು ಬೆಲ್ಲ ಮಾಡುತ್ತಾರೆ. ಅವರಿಗೆ ಜೀವನದಲ್ಲಿ ಒಂದೇ ಕೊರಗು: ತಮ್ಮ ಹಳೆಯ ಕಾರು ಕಬ್ಬಿನ ಟ್ರ್ಯಾಕ್ಟರುಗಳನ್ನು ಹಿಂದಿಕ್ಕಲು ಏದುಸಿರು ಬಿಡುತ್ತದೆ ಎಂಬುದು. ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ ಮೇಲೆ ಕೊರಗಿಗೆ ಮದ್ದು ಸಿಕ್ಕಿತು.

"ಒಲೆಗೆ ಗಾಳಿ ಜಾಸ್ತಿ ಬುಟ್ರೆ ಕೊಪ್ಪರಿಗೆ ಬೇಗ ಕುದೀತದೆ. ಇಂಜಿನ್ನೂ ಒಂದು ಒಲೆನೇ ಕಣ್ಲಾ!" ಎಂದರು.

ಏರ್ ಫಿಲ್ಟರಿನ ಪ್ಲಾಸ್ಟಿಕ್ ಡಬ್ಬವನ್ನು ಕಿತ್ತೆಸೆದು, ತೋಟದಲ್ಲಿ ಉಳಿದಿದ್ದ ಪಿವಿಸಿ ಪೈಪನ್ನು ಇಂಜಿನ್ನಿನಿಂದ ಮುಂದಿನ ಜಾಲರಿಯವರೆಗೆ ಎಳೆದರು. ಅದರ ಬಾಯಿಗೆ ಕಬ್ಬಿನ ಹಾಲು ಸೋಸುವ ಬಟ್ಟೆ ಕಟ್ಟಿದರು. ನಾನು ತಡೆಯಬೇಕಿತ್ತು. ಆದರೆ "ನೀನು ಬಿಎಸ್ಸಿ ಓದಿದೋನು, ಯೋಳು" ಎಂದು ಕೇಳಿಬಿಟ್ಟರಲ್ಲ! ತಣ್ಣನೆಯ ಗಾಳಿ ಹೆಚ್ಚು ಸಾಂದ್ರವಾಗಿರುತ್ತದೆ ಎಂದು ಐದು ನಿಮಿಷ ಪಾಠ ಮಾಡಿದೆ. ಪದವಿ ಪಡೆದ ಇಷ್ಟು ವರ್ಷಗಳಲ್ಲಿ ನನ್ನ ಭೌತಶಾಸ್ತ್ರವನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ನಮ್ಮದೇ ಮೂಗನ್ನು ಒಮ್ಮೆ ನೋಡಿಕೊಂಡಿದ್ದರೆ ಸಾಕಿತ್ತು. ಹೊಳ್ಳೆಗಳು ಕೆಳಮುಖ, ಒಳಗೆ ಕೂದಲು, ಅದರ ಮೇಲೊಂದು ತಿರುವು. ನೇರವಾಗಿ, ಅಗಲವಾಗಿ ಮುಂದಕ್ಕೆ ತೆರೆದಿದ್ದರೆ ಗಾಳಿಯೇನೋ ಧಾರಾಳವಾಗಿ ಬರುತ್ತಿತ್ತು. ಸಂಜೆಯ ಹೊತ್ತು ಸೈಕಲ್ ಹೊಡೆದರೆ ಊರಿನ ನೊಣಗಳೂ ಬರುತ್ತಿದ್ದವು.

ಮರುದಿನ ಬೆಳಿಗ್ಗೆ ಇಬ್ಬರೂ ಮದ್ದೂರಿಗೆ ಹೊರಟೆವು. ಕಾರು ಗೂಳಿಯಂತೆ ಗುಟುರು ಹಾಕುತ್ತಿತ್ತು. ಭಾವನ ಮುಖದಲ್ಲಿ ಮದುಮಗನ ಕಳೆ. ಮುಂದೆ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಟ್ರ್ಯಾಕ್ಟರೊಂದು ಹೋಗುತ್ತಿತ್ತು. "ನೋಡ್ತಿರು ಈಗ" ಎಂದು ಭಾವ ಬಲಕ್ಕೆ ತೆಗೆದರು. ಎರಡನೇ ಟ್ರೇಲರಿನ ಪಕ್ಕಕ್ಕೆ ಬಂದಿದ್ದೇವೆ, ಹೊರೆಯಿಂದ ಒಣ ಸೋಗೆ ಹಾರಿ ಬಂತು. ಗುಟುರು ನಿಂತಿತು. ಇಂಜಿನ್ ಆಫ್. ಸ್ಟಿಯರಿಂಗು ಒರಳುಕಲ್ಲಿನಷ್ಟು ಭಾರ. ಎದುರಿಗೆ ತಿರುವಿನಿಂದ ಬಸ್ಸು.

ಆ ಬಸ್ಸಿನ ಮುಂಗಾಜಿನ ಮೇಲಿದ್ದ ಸೇವಂತಿಗೆ ಹಾರದಲ್ಲಿ ಎಷ್ಟು ಹೂವು ಬಾಡಿದ್ದವು ಎಂದು ಈಗಲೂ ಹೇಳಬಲ್ಲೆ. ಅಷ್ಟು ಹತ್ತಿರದಿಂದ ನೋಡಿದ್ದೇನೆ. ಟ್ರ್ಯಾಕ್ಟರಿನವನು ನಮ್ಮನ್ನು ಕಂಡು ಗಾಡಿಯನ್ನು ಮಣ್ಣಿಗೆ ಇಳಿಸಿದ. ಭಾವ ಎರಡೂ ಕೈಯಲ್ಲಿ ಜಗ್ಗಿ ಕಾರನ್ನು ಆ ಜಾಗಕ್ಕೆ ತಿರುಗಿಸಿದರು. ಬಸ್ಸು ಕಿರುಚುತ್ತಾ ನಮ್ಮ ಕನ್ನಡಿಯನ್ನು ಮಡಚಿ ನಿಂತಿತು.

ಟ್ರ್ಯಾಕ್ಟರಿನವನು ಇಳಿದು ಬಂದ. "ಯಾವೂರ್ಲಾ ನಿಂದು? ಕಬ್ಬಿನ ಜೊತೆ ನೀವೂ ಗಾಣಕ್ಕೆ ಓಯ್ತಿದ್ರಲ್ಲೋ!" ಎಂದವನೇ ಬಾನೆಟ್ ಎತ್ತಿ ನೋಡಿದ. ಪೈಪಿನ ಬಾಯಿಗೆ ಸೋಗೆ ಮೆತ್ತಿಕೊಂಡಿತ್ತು. ಸೋಸುವ ಬಟ್ಟೆಯಲ್ಲಿ ಉಳಿದಿದ್ದ ಕಬ್ಬಿನ ಹಾಲಿನ ಅಂಟು ಆ ಬಾಯನ್ನು ಲಕೋಟೆಯಂತೆ ಮುಚ್ಚಿತ್ತು. ಅವನು ಸೋಗೆ ಕಿತ್ತು ಭಾವನ ಕೈಗೆ ಕೊಟ್ಟ. "ತಗಳಿ, ಮನೇಲಿ ಮಡಿಕಳಿ."

ಮನೆಗೆ ಬಂದು ಭಾವ ಏರ್ ಫಿಲ್ಟರಿನ ಹಳೆಯ ಡಬ್ಬ ಹುಡುಕಿದರು. ಅದರಲ್ಲಿ ಅಕ್ಕ ಆಗಲೇ ಮಣ್ಣು ತುಂಬಿ ಕೊತ್ತಂಬರಿ ಬೀಜ ಹಾಕಿದ್ದಳು. ನೀರು ಬಸಿಯಲು ತೂತೂ ಇತ್ತು, ಎಷ್ಟು ಅನುಕೂಲ!

"ಸೊಪ್ಪು ಕಿತ್ಕಂಡ ಮ್ಯಾಲೆ ಕೊಡ್ತೀನಿ ಬುಡಿ. ಅದೇನು ಅಷ್ಟು ಅವಸ್ರ?" ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ.

ಭಾವ ನನ್ನ ಮುಖ ನೋಡಿದರು. ಅವರ ಕೈಯಲ್ಲಿ ಇನ್ನೂ ಆ ಸೋಗೆಯಿತ್ತು.

"ಅವಸ್ರ ಇಲ್ಲ ಕಣಮ್ಮಿ" ಎಂದರು. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಕೊತ್ತಂಬರಿ ಬೆಳೆಯುವವರೆಗೂ ಕಾರು ಆಲೆಮನೆಯ ಪಕ್ಕದಲ್ಲೇ ನಿಂತಿತ್ತು. ನಾವಿಬ್ಬರೂ ಬಸ್ಸಿನಲ್ಲಿ ಮದ್ದೂರಿಗೆ ಹೋಗಿ ಬರುತ್ತಿದ್ದೆವು, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ, ಅದರ ವೇಗದಲ್ಲಿ, ಮೂಗಿನ ತುಂಬ ಉಸಿರಾಡುತ್ತಾ.