ಗೋಲಿನ ಹೊಸ್ತಿಲು

ಯಲಬುರ್ಗಾದ ಕರಿಮಣ್ಣಿನಲ್ಲಿ ಬೆಳೆದ ನಾನು ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಆಗಿದ್ದೆನೆಂದರೆ ಊರಲ್ಲಿ ಈಗಲೂ ನಗುತ್ತಾರೆ. ನಗಲಿ. ಸೈನ್ಯ ನನ್ನನ್ನು ಲಡಾಖಿಗೆ ಕಳಿಸಿತ್ತು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯೇ ಅಲ್ಲಿ ಮೈದಾನ. ಸ್ಕೇಟ್ ಕಟ್ಟಿಕೊಂಡು ಓಡಲು ಬಾರದವನೆಂದು ನನ್ನನ್ನು ಗೋಲಿನ ಮುಂದೆ ನಿಲ್ಲಿಸಿದರು. ನಿವೃತ್ತಿಯವರೆಗೂ ಅಲ್ಲೇ ನಿಂತೆ.

ಗೋಲಿನ ಎರಡು ಕಂಬಗಳ ನಡುವೆ ಒಂದು ಕೆಂಪು ಗೆರೆ ಇರುತ್ತದೆ. ಅದನ್ನು ನಾನು ಎಂದೂ ತುಳಿಯಲಿಲ್ಲ. ಚಿಕ್ಕಂದಿನಲ್ಲಿ ಹೊಸ್ತಿಲ ಮೇಲೆ ಕಾಲಿಟ್ಟರೆ ಅವ್ವ ಸೌಟು ಹಿಡಿದು ಬರುತ್ತಿದ್ದಳು. ಕಂಬಗಳ ನಡುವಿನ ಆ ಗೆರೆಯನ್ನು ಕಂಡರೆ ಕಾಲು ತಾನಾಗಿಯೇ ಹಿಂಜರಿಯುತ್ತಿತ್ತು. ಹಾಗಾಗಿ ಯಾವಾಗಲೂ ಮುಂದೆ ಬಂದು ನಿಲ್ಲುತ್ತಿದ್ದೆ. ತರಬೇತುದಾರರು ಅದನ್ನು ಧೈರ್ಯವೆಂದು ತಿಳಿದು ಹೊಸಬರಿಗೆ ತೋರಿಸುತ್ತಿದ್ದರು.

ನನ್ನ ಕೊನೆಯ ಪಂದ್ಯದಲ್ಲಿ, ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ ನನ್ನ ಕಾಲಸಂದಿಯಲ್ಲಿ ನುಸುಳಿ ಗೆರೆಯತ್ತ ನಿಧಾನವಾಗಿ ಜಾರಿತು. ಗೆರೆಯ ಮೇಲೆ ಕಾಲಿಟ್ಟಿದ್ದರೆ ಅದು ನಿಲ್ಲುತ್ತಿತ್ತು. ಕಾಲೆತ್ತಿದೆ, ಇಡಲಿಲ್ಲ. ಸೋತೆವು.

ಊರಿಗೆ ಬಂದ ಮೇಲೆ ಆ ಪಂದ್ಯದ ವಿಡಿಯೊವನ್ನು ಅವ್ವನಿಗೆ ಮೊಬೈಲಿನಲ್ಲಿ ತೋರಿಸಿದೆ.

"ಕಾಲ ಎತ್ತಿದಾಂವ ಯಾಕ ಇಡ್ಲಿಲ್ಲೋ?" ಎಂದಳು.

"ಹೊಸ್ತಿಲಿದ್ದಂಗ ಇತ್ತಬೇ. ತುಳೀಬಾರ್ದಂತ ನೀನ ಹೇಳಿದ್ದೆಲ್ಲ."

ಹೊಗಳುತ್ತಾಳೆಂದು ಕಾದೆ. ಅವಳು ಮತ್ತೊಮ್ಮೆ ನೋಡಿ ಮೊಬೈಲನ್ನು ನನ್ನ ಕೈಗಿಟ್ಟಳು.

"ಆ ಗೆರಿ ಹಿಂದ ಮನೀನ ಇಲ್ಲಲ್ಲೋ ಖೋಡಿ, ಹೊಸ್ತಿಲಾ ಎಲ್ಲಿಂದ ಬಂತು?"