ಸುತ್ತಿಗೆಯಕ್ಕ ಒಡೆಯದೆ ಬಿಟ್ಟ ಕಂಪ್ಯೂಟರ್

ಸುತ್ತಿಗೆಯಕ್ಕನನ್ನು ನಾನು ಮೊದಲ ಸಲ ನೋಡಿದಾಗ ಅವಳ ಹಣೆಯಿಂದ ರಕ್ತ ಇಳಿಯುತ್ತಿತ್ತು. ಒರೆಸಿಕೊಳ್ಳುವ ಗೋಜಿಗೇ ಅವಳು ಹೋಗಿರಲಿಲ್ಲ. ಗುಜರಿ ಅಂಗಳದ ತಗಡಿನ ಚಪ್ಪರದ ಕೆಳಗೆ, ರೈಲು ಕಂಬಿಯ ತುಂಡೊಂದನ್ನು ಮುಂದಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು. ಎಡಗೈಯಲ್ಲಿ ಕಂಪ್ಯೂಟರಿನ ಹಾರ್ಡ್ ಡಿಸ್ಕ್, ಬಲಗೈಯಲ್ಲಿ ಗಿಡ್ಡ ಹಿಡಿಯ ಸುತ್ತಿಗೆ. ಒಂದೇ ಏಟು. ಡಬ್ಬಿ ಬಿರಿದು, ಒಳಗಿನ ಕನ್ನಡಿಯಂಥ ತಟ್ಟೆ ಮಡಚಿಹೋಯಿತು. ಅದನ್ನು ಬುಟ್ಟಿಗೆಸೆದು ಇನ್ನೊಂದಕ್ಕೆ ಕೈ ಹಾಕಿದಳು.

ನಾನು ಆಗ ಒಂದು ವಿಮಾ ಕಚೇರಿಯಲ್ಲಿ ಕಿರಿಯ ಗುಮಾಸ್ತ. ಕಚೇರಿಯ ಹಳೆಯ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕಲು ಬಂದಿದ್ದೆ. ಗ್ರಾಹಕರ ವಿವರ ಹೊರಗೆ ಹೋಗಬಾರದು. ಆದ್ದರಿಂದ ಪ್ರತಿಯೊಂದು ಡಿಸ್ಕನ್ನೂ ನಮ್ಮವರೊಬ್ಬರ ಕಣ್ಣೆದುರೇ ಒಡೆಯಬೇಕು, ಒಡೆದದ್ದಕ್ಕೆ ಅವರು ಸಹಿ ಹಾಕಬೇಕು ಎಂಬುದು ನಿಯಮ. ನನಗಿಂತ ಮೊದಲು ಬರುತ್ತಿದ್ದವರು ಗೇಟಿನ ಹೊರಗೆ ಚಹಾ ಕುಡಿಯುತ್ತಲೇ ಸಹಿ ಹಾಕಿ ಹೋಗುತ್ತಿದ್ದರಂತೆ. ನನಗೆ ಅದಾಗಲಿಲ್ಲ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಕಲಿತವನು ನಾನೇ ಮೊದಲಿಗ. ಒಳಗೇ ಹೋಗಿ, ಒಡೆಯುವುದನ್ನು ನೋಡುತ್ತ ನಿಂತೆ.

"ಏನ್ ಸಹಿ ಸಾಹೇಬ್ರೇ, ಹೆಣ ನೋಡೋಕೆ ಬಂದೋರ ಥರ ನಿಂತುಬಿಟ್ರಿ?" ಎಂದಳು.

"ನಿಮಗೆ ರಕ್ತ ಬರ್ತಿದೆ."

"ಇದಾ? ಇದು ಕಂಪ್ಯೂಟರ್ ಮಾಡಿದ್ದಲ್ಲ, ಮೈದುನ ಮಾಡಿದ್ದು. ತೂಕದ ಕಲ್ಲು ಎಸೆದ. ಗುರಿ ಚೆನ್ನಾಗಿದೆ ಅವನದು."

ಮೈದುನನೆಂದರೆ ಅವಳ ಸತ್ತ ಗಂಡನ ತಮ್ಮ, ಆ ಅಂಗಳದ ಯಜಮಾನ. ನಾನಿರುವಾಗಲೇ ಅವನು ಒಳಗೆ ಬಂದು, ತಂತಿ ಸುಲಿಯುತ್ತ ಕೂತಿದ್ದ ಮುದುಕನೊಬ್ಬನ ಪಕ್ಕೆಗೆ ಬೂಟಿನಿಂದ ಒದ್ದ. ಮುದುಕ ಉರುಳಿ ಬಿದ್ದು, ಎದ್ದು, ಮತ್ತೆ ತಂತಿ ಹಿಡಿದ. ಸುತ್ತ ಇದ್ದವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.

"ಇವೆಲ್ಲ ಹೆಂಗೆ ಸತ್ತವು?" ಸುತ್ತಿಗೆಯಕ್ಕ ನನ್ನ ಕಂಪ್ಯೂಟರ್‌ಗಳ ರಾಶಿ ತೋರಿಸಿ ಕೇಳಿದಳು.

"ಸತ್ತಿಲ್ಲ ಅಕ್ಕ. ಕಂಪ್ಯೂಟರನ್ನ ನಡೆಸೋಕೆ ಒಳಗೊಂದು ಆಪರೇಟಿಂಗ್ ಸಿಸ್ಟಂ ಅಂತ ಇರುತ್ತೆ. ಅದರ ಹೊಸದು ಈ ಹಳೇ ಪೆಟ್ಟಿಗೆಗಳಲ್ಲಿ ಓಡಲ್ಲ. ಅದಕ್ಕೆ ಎಸೀತಿದ್ದಾರೆ."

ಎತ್ತಿದ ಸುತ್ತಿಗೆ ಗಾಳಿಯಲ್ಲೇ ನಿಂತಿತು. "ಜೀವ ಇರೋದನ್ನ ನನ್ನ ಕೈಲಿ ಹೊಡೆಸ್ತಿದ್ದೀರಾ?"

ಆಮೇಲೆ ಹೋದಾಗಲೆಲ್ಲ ಅವಳ ಕಥೆ ತುಣುಕು ತುಣುಕಾಗಿ ತಿಳಿಯಿತು. ಗಂಡ ಇದೇ ಚಪ್ಪರದಲ್ಲಿ ಗ್ಯಾಸ್ ಉಳಿದಿದ್ದ ಸಿಲಿಂಡರನ್ನು ಕೊಯ್ಯಲು ಹೋಗಿ ಸತ್ತ. ಗೋಡೆಯ ಮೇಲಿನ ಕಪ್ಪು ಕಲೆ ಹಾಗೇ ಇತ್ತು. ಮೈದುನ ಅಂಗಳವನ್ನು ತನ್ನ ಹೆಸರಿಗೆ ಮಾಡಿಕೊಂಡು, ಅತ್ತಿಗೆಗೆ ಹಿಂಬದಿಯ ಒಂದು ಕೋಣೆಯನ್ನೂ ಗಂಡನ ಸುತ್ತಿಗೆಯನ್ನೂ ಕೊಟ್ಟ. ವರ್ಷಗಟ್ಟಲೆ ಬೀಸಿ ಬೀಸಿ ಅವಳ ಬಲಭುಜ ಸವೆದಿತ್ತು. ಹೀಗೇ ಬೀಸುತ್ತಿದ್ದರೆ ಕೈ ಮೇಲೇಳದ ದಿನ ದೂರವಿಲ್ಲ ಎಂದು ಡಾಕ್ಟರು ಹೇಳಿದ್ದರು. ಮೈದುನ ಹೇಳಿದ್ದು ಇನ್ನೂ ಚುಟುಕಾಗಿತ್ತು: "ಸುತ್ತಿಗೆ ಎತ್ತೋ ತನಕ ಅತ್ತಿಗೆ. ಇಳಿಸಿದ ದಿನ ಗೇಟು ಆ ಕಡೆ."

ಭುಜ ಬೀಳುವುದರೊಳಗೆ ಅವಳಿಗೆ ಬೇರೊಂದು ಕಸುಬು ಬೇಕಿತ್ತು. ಮಕ್ಕಳಿಲ್ಲ, ತವರಿಲ್ಲ. ಏಳನೆಯ ತರಗತಿಯ ಓದು, ಮತ್ತು ಸುತ್ತಿಗೆ.

ದುಡ್ಡು ಕೊಡದೆ ಸಿಗುವ, ಹಳೆಯ ಪೆಟ್ಟಿಗೆಯಲ್ಲೂ ಓಡುವ ಆಪರೇಟಿಂಗ್ ಸಿಸ್ಟಂ ಒಂದಿದೆ ಎಂದು ಕಾಲೇಜಿನಲ್ಲಿ ಓದಿದ್ದೆ, ಬಳಸಿರಲಿಲ್ಲ. ಸಹಪಾಠಿಯೊಬ್ಬನಿಂದ ಅದನ್ನು ಪೆನ್ ಡ್ರೈವ್‌ಗೆ ಹಾಕಿಸಿಕೊಂಡು ಬಂದೆ.

"ಡಿಸ್ಕ್ ಒಡೀಲೇಬೇಕಲ್ಲ, ಆಮೇಲೆ ಏನುಳೀತು?" ಎಂದಳು.

"ಇದು ಈ ಕಡ್ಡಿಯಿಂದಲೇ ಓಡುತ್ತಂತೆ. ಡಿಸ್ಕೇ ಬೇಡವಂತೆ."

"ತಲೆ ಒಡೆದ ಮೇಲೂ ಏಳುತ್ತಾ?"

"ಏಳುತ್ತಂತೆ."

"ಹಂಗಾದ್ರೆ ನಮ್ಮ ಕುಲದ್ದೇ ಬಿಡು."

ನಿಯಮದಂತೆ ನನ್ನೆದುರೇ ಡಿಸ್ಕ್ ಒಡೆದಳು. ಉಳಿದ ಪೆಟ್ಟಿಗೆಯನ್ನು ತಕ್ಕಡಿಗೆ ಹಾಕಿಸಿ, ಗುಜರಿ ಬೆಲೆಯನ್ನು ತನ್ನ ಕೂಲಿಯಲ್ಲಿ ಮುರಿದುಕೊಳ್ಳಲು ಮೈದುನನಿಗೆ ಹೇಳಿ ಕೋಣೆಗೆ ಒಯ್ದಳು. ಅಂಗಳಕ್ಕೆ ರಜೆಯಿದ್ದ ದಿನ ಬಾಗಿಲು ತೆರೆದಿಟ್ಟುಕೊಂಡೇ ಇಬ್ಬರೂ ಕೂತೆವು.

ಏಳಲಿಲ್ಲ. ಡಿಸ್ಕ್ ಇಲ್ಲ ಎಂದು ಹೇಳಿ ನಿಂತುಬಿಟ್ಟಿತು. ಪೆನ್ ಡ್ರೈವ್ ಕಡೆ ನೋಡು ಎಂದು ಹೇಳಲು ಶುರುವಿನಲ್ಲೇ ಯಾವುದೋ ಗುಂಡಿ ಒತ್ತಬೇಕಿತ್ತು. ಯಾವುದೆಂದು ನನಗೆ ಗೊತ್ತಿರಲಿಲ್ಲ. ಒಂದೊಂದಾಗಿ ಒತ್ತುತ್ತ ಹೋದೆ. ತಾಳ್ಮೆಗೆಟ್ಟ ಅವಳು ಪೆಟ್ಟಿಗೆಯ ಕೆನ್ನೆಗೆ ಛಟೀರೆಂದು ಬಾರಿಸಿದಳು. ಕೊನೆಗೂ ಕಪ್ಪು ಪರದೆಯ ಮೇಲೆ ಬಿಳಿಯ ಸಾಲುಗಳು ಸರಸರನೆ ಓಡಿದವು.

"ಹೊಡೆದಿದ್ದಕ್ಕೆ ಬೈತಿದೆಯಾ?"

"ಇಲ್ಲ ಅಕ್ಕ, ಏನೇನು ಮಾಡ್ತಿದೀನಿ ಅಂತ ಒಪ್ಪಿಸ್ತಿದೆ."

ಭಾಷೆಗಳ ಸಾಲಿನಲ್ಲಿ ನಮ್ಮ ಭಾಷೆಯೂ ಇತ್ತು. ಅವಳು ಬೆರಳಿಟ್ಟು ಅಕ್ಷರ ಅಕ್ಷರ ಓದಿದಳು. "ಪುಕ್ಕಟೆ ಕೊಡೋರು ಯಾರಪ್ಪಾ? ಹಿಂದೆ ಏನೋ ಇರುತ್ತೆ."

"ಎಲ್ಲೆಲ್ಲೋ ಕೂತೋರು ಸೇರಿ ಬರೆದಿದ್ದಾರೆ. ಯಾರು ಬೇಕಾದ್ರೂ ಬಿಚ್ಚಿ ನೋಡ್ಬಹುದು, ತಿದ್ದಬಹುದು."

"ಬಿಚ್ಚಿದ್ರೆ ಯಾರೂ ಒದೆಯಲ್ವಾ?"

"ಯಾರೂ ಒದೆಯಲ್ಲ."

ಅಂದು ತನ್ನ ಗಂಡನ ಹೆಸರನ್ನು ಬಹಳ ಹೊತ್ತು ಹುಡುಕಿ ಹುಡುಕಿ ಟೈಪ್ ಮಾಡಿದಳು. ಪೆಟ್ಟಿಗೆ ಆರಿಸಿ ಮತ್ತೆ ಹಾಕಿದರೆ ಹೆಸರೇ ಇಲ್ಲ. ಮುಷ್ಟಿ ಬಿಗಿದು ಗುದ್ದಿದ ಏಟಿಗೆ ಕೀಬೋರ್ಡಿನ ಗುಂಡಿಗಳು ಗೋಡೆಗೆ ಚಿಮ್ಮಿದವು. ಡಿಸ್ಕ್ ಇಲ್ಲದ್ದರಿಂದ ಆರಿಸಿದೊಡನೆ ಎಲ್ಲವನ್ನೂ ಮರೆಯುತ್ತದೆ ಎಂದು ನಾನು ಓದಿ ತಿಳಿಸಿದ ಮೇಲೆ ನಕ್ಕಳು. "ನಮ್ಮನೆಯೋರ ಥರಾನೇ. ರಾತ್ರಿ ಹೊಡೆದಿದ್ದು ಬೆಳಿಗ್ಗೆ ನೆನಪಿರ್ತಿರಲಿಲ್ಲ."

ನೆನಪಿಡಲು ಕಡ್ಡಿಯಲ್ಲೇ ಜಾಗ ಬಿಡಿಸುವ ಉಪಾಯ ಕಲಿತೆವು. ಅವಳು ಗಂಡನ ಹೆಸರನ್ನು ಅದರಲ್ಲಿ ಮತ್ತೆ ಟೈಪ್ ಮಾಡಿಟ್ಟಳು. ಆಮೇಲೆ ಅವಳು ನನ್ನನ್ನು ಕಾಯಲಿಲ್ಲ. ಗುಜರಿಗೆ ಬಂದ ಒಂದೊಂದು ಪೆಟ್ಟಿಗೆಯನ್ನೂ ಒಡೆಯುವ ಮೊದಲು ಕಡ್ಡಿ ಚುಚ್ಚಿ ನೋಡುವಳು. ಎದ್ದದ್ದನ್ನು ತೂಕ ಹಾಕಿಸಿ ಕೊಳ್ಳುವಳು. ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯವನು ಒಂದನ್ನು ಕೊಂಡ. ಅದೇ ಮೈದುನನ ಕಿವಿಗೆ ಬಿತ್ತು.

ಮುಂದಿನ ರಜೆಯ ದಿನ ನಾನು ಅವಳ ಕೋಣೆಯಲ್ಲಿದ್ದಾಗ ಅವನು ಹಾರೆ ಹಿಡಿದು ಬಂದ. ಮೊದಲ ಏಟಿಗೆ ಪರದೆ ಪುಡಿಯಾಯಿತು. ಎರಡನೆಯದಕ್ಕೆ ಪೆಟ್ಟಿಗೆ ಹೊಟ್ಟೆ ಬಿರಿದು ಬಿತ್ತು.

"ನನ್ನ ಅನ್ನ ತಿಂದು ನನಗೇ ಎದುರು ಅಂಗಡಿ ಹಾಕ್ತೀಯೇನೇ? ಈ ಗುಮಾಸ್ತನ್ನ ಇಟ್ಕೊಂಡು?"

"ಅಣ್ಣಾ, ಅಕ್ಕ ತೂಕಕ್ಕೆ ದುಡ್ಡು…" ಎಂದು ನಾನು ಹೇಳುವಷ್ಟರಲ್ಲಿ ಅವನ ಅಂಗೈ ನನ್ನ ಎಡಗಿವಿಗೆ ಬಿತ್ತು. ತಲೆಯೊಳಗೆ ಏನೋ ಹರಿದಂತಾಯಿತು. ನಾನು ಗೋಡೆ ಹಿಡಿದು ಕುಸಿದೆ.

"ಆ ಕಡ್ಡಿ ಕೊಡು."

ಅವಳು ಪೆನ್ ಡ್ರೈವ್ ಕಿತ್ತು ಬಾಯಿಗೆ ಹಾಕಿಕೊಂಡಳು. ಅವನು ಅವಳ ಜುಟ್ಟು ಹಿಡಿದು ಮುಖವನ್ನು ಮೇಜಿಗೆ ಅಪ್ಪಳಿಸಿದ. ಮತ್ತೆ ಅಪ್ಪಳಿಸಿದ. ಅವಳು ರಕ್ತ ಉಗಿದಳು, ರಕ್ತದ ಜೊತೆ ಒಂದು ಹಲ್ಲು ಉಗಿದಳು, ಕಡ್ಡಿ ಉಗಿಯಲಿಲ್ಲ. ಅವನು ಎಡಗೈ ಮೇಜಿನ ಮೇಲೆ ಊರಿ, ಬಲಗೈ ಬೆರಳುಗಳನ್ನು ಅವಳ ಬಾಯೊಳಗೆ ತುರುಕಿದ. ಅವಳ ಕೈ ಮೇಜಿನ ಕೆಳಗಿದ್ದ ಸುತ್ತಿಗೆಗಾಗಿ ತಡಕಾಡುತ್ತಿದ್ದುದು ನನಗೆ ಕಂಡಿತು, ಅವನಿಗೆ ಕಾಣಲಿಲ್ಲ.

ಅವಳದು ಎಂದೂ ಒಂದೇ ಏಟು. ಮೇಜಿನ ಮೇಲಿದ್ದ ಅವನ ಮಣಿಕಟ್ಟು ಒಣ ಕೊಂಬೆ ಮುರಿದಂತೆ ಸದ್ದು ಮಾಡಿತು. ಅವನು ಕೂಗಿದ್ದು ನನ್ನ ಒಂದೇ ಕಿವಿಗೆ ಕೇಳಿಸಿತು. ಅವಳು ಸುತ್ತಿಗೆಯನ್ನು ಮತ್ತೆ ಎತ್ತಿದಳು, ಅವನ ತಲೆಯ ನೇರಕ್ಕೆ. ಭುಜ ಅರ್ಧದಲ್ಲೇ ಸಿಕ್ಕಿಕೊಂಡಿತು. ಹಾಗೇ ನಿಂತು ಅವನನ್ನು ನೋಡಿದಳು, ಆಮೇಲೆ ಸುತ್ತಿಗೆಯನ್ನು ನೆಲಕ್ಕೆ ಬಿಟ್ಟಳು. ಭುಜ ತಡೆಯಿತೋ ಅವಳೇ ತಡೆದಳೋ ನಾನು ಕೇಳಿಲ್ಲ.

ಪೊಲೀಸರು ಬಂದಾಗ, ಮೊದಲು ಹೊಡೆದವರು ಯಾರು ಎಂದು ಸುತ್ತ ಸೇರಿದವರನ್ನು ಕೇಳಿದರು. ಎಲ್ಲರೂ ನೆಲ ನೋಡಿದರು. ತಂತಿ ಸುಲಿಯುವ ಮುದುಕ ಮಾತ್ರ ಅಂಗಿ ಎತ್ತಿ ತನ್ನ ಪಕ್ಕೆ ತೋರಿಸಿ, "ಅವನೇ. ಯಾವತ್ತೂ ಅವನೇ ಮೊದಲು" ಎಂದ.

ಮೈದುನನ ಮಣಿಕಟ್ಟು ಮುರಿದ ಕೇಸಿನಲ್ಲಿ ಒಳಗಿದ್ದು ಜಾಮೀನಿನ ಮೇಲೆ ಹೊರಬಂದ ದಿನ, ಅವಳು ಸೀದಾ ಜೆರಾಕ್ಸ್ ಅಂಗಡಿಗೆ ಹೋಗಿ ಕಡ್ಡಿಯನ್ನು ಅಲ್ಲಿನ ಪೆಟ್ಟಿಗೆಗೆ ಚುಚ್ಚಿದಳು. ಅದರ ಪ್ಲಾಸ್ಟಿಕ್ಕಿನಲ್ಲಿ ಹಲ್ಲಿನ ಗುರುತುಗಳಿದ್ದವು. ಬಿಳಿಯ ಸಾಲುಗಳು ಓಡಿದವು, ಪರದೆ ಬಂತು, ಗಂಡನ ಹೆಸರು ಬಂತು.

"ಈ ಸಲ ಮರೆತಿಲ್ಲ ಮಾರಾಯ" ಎಂದಳು. ತುಟಿಗೆ ಹಾಕಿದ್ದ ಹೊಲಿಗೆ ಇನ್ನೂ ಬಿಚ್ಚಿರದ ಕಾರಣ ಮಾತು ತೊದಲುತ್ತಿತ್ತು.

ಕೇಸು ಇನ್ನೂ ಮುಗಿದಿಲ್ಲ. ನನ್ನ ಎಡಗಿವಿ ಕೇಳುವುದಿಲ್ಲ. ಸುತ್ತಿಗೆಯಕ್ಕ ಈಗ ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಕೋಣೆಯೊಂದರಲ್ಲಿ, ಗುಜರಿಯಿಂದ ಬಂದ ಕಂಪ್ಯೂಟರ್‌ಗಳಿಗೆ ಆ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿ ಮಾರುತ್ತಾಳೆ.